ಪುಟ್ಟಿ ಕೆರೆದಾಗ ಸಿಕ್ಕ ಜೀಪು



ಯೂಟ್ಯೂಬ್‌ನಲ್ಲಿ ಕ್ಲಾಸಿಕ್ ಸ್ಪೋರ್ಟ್ಸ್ ಕಾರ್ ರೆಸ್ಟೋರೇಷನ್ ಅಂತ ಹುಡುಕಿದ್ರೆ ಪೋರ್ಷೆ ಬರತ್ತೆ, ಜಾಗ್ವಾರ್ ಬರತ್ತೆ. ನಾನು ಮೇಳಿಗೆಯವನು. ತೀರ್ಥಹಳ್ಳಿ ತಾಲ್ಲೂಕು. ನಮ್ಮ ಕಡೆ ಹುಡುಗರ ಸ್ಪೋರ್ಟ್ಸ್ ಕಾರ್ ಅಂದ್ರೆ ಜೀಪು. ಅದಕ್ಕೆ ಅಗಲ ಟಯರ್ ಹಾಕಿ, ಬಂಪರ್ ಬದಲಿಸಿ, ಕೆಸರಲ್ಲಿ ಬಿಡೋದೇ ಮಜಾ. ಇವತ್ತು ಹೇಳೋದು ಅದರ ಉಲ್ಟಾ ಕಥೆ. ಹಾಗೆಲ್ಲ ಬದಲಾಗಿದ್ದ ನಮ್ಮನೆ ಜೀಪಿನ ಬಾಡಿಯನ್ನ ಮತ್ತೆ ಮೊದಲಿನ ಹಾಗೆ ಮಾಡಿದ ಕಥೆ.

ಜೀಪು ಅಜ್ಜನದು. ಆರ್‌ಸಿಯಲ್ಲಿ 1974 ಅಂತಿದೆ. ಮಹೀಂದ್ರ ಸಿಜೆ-3ಬಿ, ನಮ್ಮ ಬಾಯಲ್ಲಿ ಹೈ ಬಾನೆಟ್. ಈ ಮಾಡೆಲ್ ಅಮೆರಿಕದ ವಿಲ್ಲೀಸ್ ಕಂಪನಿಯದು, ಅಲ್ಲಿ 1953ರಿಂದ 1968ರವರೆಗೆ ಬಂತು. ಲೈಸೆನ್ಸ್ ಪಡೆದ ಮಹೀಂದ್ರ ಅದನ್ನ ಇಲ್ಲಿ ಆಮೇಲೂ ಬಹಳ ವರ್ಷ ಮಾಡ್ತು. ಬಾನೆಟ್ ಯಾಕೆ ಅಷ್ಟು ಎತ್ತರ ಗೊತ್ತಾ? ಒಳಗಿದ್ದ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ ಹಳೇ ಎಂಜಿನ್‌ಗಿಂತ ಎತ್ತರ ಇತ್ತು, ಹಳೇ ಬಾನೆಟ್ ಕೆಳಗೆ ಹಿಡೀತಿರಲಿಲ್ಲ. ಬಾನೆಟ್ಟನ್ನೇ ಎತ್ತರಿಸಿದ್ರು. ಅಷ್ಟೇ, ಸ್ಟೈಲ್‌ಗೆ ಮಾಡಿದ್ದಲ್ಲ.

ಅಜ್ಜ ಅದರಲ್ಲಿ ಅಡಿಕೆ ಮೂಟೆ ಹೇರಿದ್ರು, ಗೊಬ್ಬರ ಹೇರಿದ್ರು, ರಾತ್ರಿ ಹೆರಿಗೆ ನೋವು ಬಂದೋರನ್ನ ತೀರ್ಥಹಳ್ಳಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಆಮೇಲೆ ಚಿಕ್ಕಪ್ಪನ ಕಾಲ. ಅವರು ಡೀಸೆಲ್ ಎಂಜಿನ್ ಕೂರಿಸಿದ್ರು, ಆರ್‌ಸಿಗೂ ಸೇರಿಸಿದ್ರು. ಅಗಲ ಟಯರ್ ಹಿಡೀಲಿಲ್ಲ ಅಂತ ಹಿಂದಿನ ಚಕ್ರದ ಕಮಾನನ್ನ ಗ್ರೈಂಡರ್‌ನಲ್ಲಿ ಕೊಯ್ದ್ರು. ಮೇಲೆ ಕಬ್ಬಿಣದ ಹಾರ್ಡ್‌ಟಾಪ್, ಮುಂದೆ ಕ್ರೋಮ್ ಗ್ರಿಲ್, ಮೈಯೆಲ್ಲ ಮ್ಯಾಟ್ ಕಪ್ಪು. ಊರಲ್ಲಿ ಅದಕ್ಕಿಂತ ಚೆಂದದ ಜೀಪಿಲ್ಲ ಅಂತ ನಾನೂ ಅಂದ್ಕೊಂಡಿದ್ದೆ.

ಅಜ್ಜ ತೀರ್ಕೊಂಡ ಮೇಲೆ ಅದು ಕೊಟ್ಟಿಗೆ ಪಕ್ಕ ನಿಂತೇ ಬಿಡ್ತು. ನಮ್ಮ ತಾಲ್ಲೂಕಿನದೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟು ಇಲ್ದಿದ್ರೂ ತುಕ್ಕಿಗೆ ಸಾಕಾಗೋಷ್ಟು ಇದೆ. ಹೋದ ವರ್ಷ ಬಾಗಿಲ ಹತ್ರ ಕಾಲಿಟ್ಟೆ, ಫ್ಲೋರ್ ಕುಸಿದು ಕಾಲು ನೆಲಕ್ಕೆ ತಾಗ್ತು. ಅವತ್ತು ಅಪ್ಪ ಗುಜರಿಗೆ ಕೊಡೋಣ ಅಂದ್ರು. ನಾನು ಬೇಡ, ಒರಿಜಿನಲ್ ಮಾಡ್ತೀನಿ ಅಂದೆ. ಒರಿಜಿನಲ್ ಅಂದ್ರೆ ಎಂತದು ಅಂತ ನನಗೇ ಗೊತ್ತಿರಲಿಲ್ಲ.

ನನ್ನ ತಲೇಲಿ ಇದ್ದಿದ್ದು ಇನ್‌ಸ್ಟಾಗ್ರಾಂನ ಒಂದು ಫೋಟೋ. ಅಮೆರಿಕದ ಜೀಪು, ಬಾನೆಟ್ ಬದಿಯಲ್ಲಿ ಉಬ್ಬು ಅಕ್ಷರದಲ್ಲಿ ವಿಲ್ಲೀಸ್ ಅಂತ. ಹಂಗೇ ಬೇಕು ಅಂತ ಅಕ್ಷರ ಇರೋ ಬಾನೆಟ್ ಹುಡುಕೋಕೆ ಶುರು ಮಾಡಿದ್ದೆ. ಟಿಂಕರಿಂಗ್ ಮಾಡೋ ಅಣ್ಣ ಜೀಪಿನ ಸುತ್ತ ಒಂದು ಸುತ್ತು ಹಾಕಿ, "ತಮ್ಮಾ, ದುಡ್ಡು ಜೇಬಲ್ಲೇ ಇರ್ಲಿ. ಮೊದ್ಲು ಇದರಲ್ಲಿ ಎಂತ ಇದೆ ನೋಡಣ" ಅಂದ್ರು.

ಅವರು ಮೊದಲು ತೆಗೆದಿದ್ದು ಸುತ್ತಿಗೆಯಲ್ಲ, ಬಟ್ಟೆ ಸುತ್ತಿದ ಒಂದು ಆಯಸ್ಕಾಂತ. ಬಾಡಿ ಮೇಲೆ ನಿಧಾನಕ್ಕೆ ಎಳ್ಕೊಂಡು ಹೋದ್ರು. ತಗಡು ಇದ್ದಲ್ಲಿ ಕಚ್ಚತ್ತೆ, ಪುಟ್ಟಿ ದಪ್ಪ ಇದ್ದಲ್ಲಿ ಜಾರತ್ತೆ. ಜಾರಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ. ಹಳೇ ಗಾಡಿ ತಗೊಳೋರು ಇದೊಂದು ಕಲೀರಿ, ಮಿಂಚೋ ಪೇಂಟಿಗೆ ಮರುಳಾಗೋದು ತಪ್ಪತ್ತೆ.

ಬಾನೆಟ್‌ನ ಎರಡೂ ಬದಿ ಆಯಸ್ಕಾಂತ ಜಾರ್ತು. ಪುಟ್ಟಿ ಕೆರೆದ್ವಿ. ಕೆಳಗಿಂದ ಅಕ್ಷರ ಎದ್ದು ಬಂತು. ವಿಲ್ಲೀಸ್ ಅಲ್ಲ, ಮಹೀಂದ್ರ. ಬಾನೆಟ್ ನೈಸಾಗಿ ಕಾಣ್ಲಿ ಅಂತ ಚಿಕ್ಕಪ್ಪ ಮುಚ್ಚಿಸಿದ್ರಂತೆ. ನಾನು ಆ ಬಾನೆಟ್ ಗುಜರಿಗೆ ಹಾಕಿ ಬೇರೆ ತರೋನಿದ್ದೆ! ಒರಿಜಿನಲ್ ಮಾಡ್ತೀನಿ ಅಂತ ಹೊರಟು ಒರಿಜಿನಲ್ ಇದ್ದಿದ್ದನ್ನೇ ಬಿಸಾಕ್ತಿದ್ದೆ. ಇವತ್ತಿನ ಮಾತಲ್ಲಿ ಒಂದೇ ವಿಷಯ ನೆನಪಿಟ್ಕೊಳೋದಾದ್ರೆ ಇದನ್ನ ಇಟ್ಕೊಳಿ. ಒರಿಜಿನಲ್ ಅನ್ನೋದು ಇಂಟರ್‌ನೆಟ್‌ನಲ್ಲಿರೋ ಬೇರೆ ಯಾರದೋ ಗಾಡಿಯಲ್ಲ. ನಿಮ್ಮ ಗಾಡಿ ಮೊದಲು ಹೇಗಿತ್ತೋ ಅದು. ಅದರ ಸಾಕ್ಷಿ ಗಾಡಿ ಮೈಮೇಲೇ ಇರತ್ತೆ.

ಬಣ್ಣವೂ ಹಾಗೇ ಸಿಕ್ತು. ಒಂದು ಕಡೆ ಸಣ್ಣ ಪೇಪರಲ್ಲಿ ಓರೆಯಾಗಿ ಉಜ್ಜಿದ್ರೆ ಈರುಳ್ಳಿ ಕೊಯ್ದ ಹಾಗೆ ಪದರ ಕಾಣತ್ತೆ. ಕಪ್ಪು, ಅದರಡಿ ಕೆಂಪು, ಅದರಡಿ ನೀಲಿ, ಕೊನೆಗೆ ಒಂದು ಮಂಕು ಹಸಿರು. ಡ್ಯಾಶ್‌ಬೋರ್ಡ್ ಹಿಂದೆ, ಬ್ರಷ್ಷೂ ಗನ್ನೂ ಹೋಗದ ಮೂಲೇಲಿ, ಅದೇ ಹಸಿರು ಹಾಗೇ ಇತ್ತು. ಅದನ್ನ ಬಿಸಿಲಲ್ಲಿ ಹೋಲಿಸಿ ಪೇಂಟ್ ಮಿಕ್ಸ್ ಮಾಡಿಸಿದ್ವಿ.

ಕಷ್ಟ ಅಂದ್ರೆ ಫ್ಲೋರು. ತುಕ್ಕಿನ ಮೇಲೆ ತಗಡು ಬಡಿದು ಪುಟ್ಟಿ ಮೆತ್ತಿದ್ರೆ ಎರಡು ಮಳೆಗಾಲದಲ್ಲಿ ಮತ್ತೆ ತೂತು, ಯಾಕಂದ್ರೆ ನೀರು ಒಳಗೇ ಸಿಕ್ಕಿ ಕೂರತ್ತೆ. ಗಟ್ಟಿ ತಗಡು ಸಿಗೋವರೆಗೆ ಕೊಯ್ಯಬೇಕು. 18 ಗೇಜ್, ಅಂದ್ರೆ ಹೆಚ್ಚೂಕಮ್ಮಿ 1.2 ಮಿಲಿಮೀಟರ್ ದಪ್ಪದ ತಗಡು ತಂದ್ವಿ. ವೆಲ್ಡಿಂಗ್ ಒಂದೇ ಉಸಿರಿಗೆ ಎಳೆಯೋ ಹಾಗಿಲ್ಲ, ಬಿಸಿಗೆ ತಗಡು ಸೊಟ್ಟಗಾಗತ್ತೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಕ್ಕೆ ಬಿಟ್ಟು ಮತ್ತೊಂದು. ಕೊಯ್ದ ಕಮಾನಿಗೆ ಅಳತೆ ಎಲ್ಲಿಂದ? ಪಕ್ಕದೂರಲ್ಲಿ ಅದೇ ಮಾಡೆಲ್‌ನ, ಕೊಯ್ಯದೇ ಇರೋ ಜೀಪಿತ್ತು. ರಟ್ಟು ಇಟ್ಟು ಆಕಾರ ಬರ್ಕೊಂಡು ಬಂದು, ಅದೇ ಅಚ್ಚಲ್ಲಿ ತಗಡು ಕತ್ತರಿಸಿದ್ವಿ. ಟಯರ್ ಮತ್ತೆ 6.00-16, ಮೊದಲಿನ ಸಪೂರ ಟಯರ್.

ಎರಡು ಎಚ್ಚರಿಕೆ. ಒಂದು, ಗ್ರೈಂಡರ್ ಹಿಡಿಯೋ ಮುಂಚೆ ಚಾಸಿ ನಂಬರ್ ಇರೋ ಜಾಗಕ್ಕೆ ಟೇಪ್ ಹಾಕಿ, ಫೋಟೋ ತೆಗೀರಿ. ಆ ನಂಬರ್ ಅಳಿಸಿದ್ರೆ ಜೀಪು ಎಷ್ಟೇ ಚೆಂದ ಆದ್ರೂ ಆರ್‌ಟಿಓ ಮುಂದೆ ಉತ್ತರ ಇರಲ್ಲ. ಇನ್ನೊಂದು, ಮಲೆನಾಡಲ್ಲಿ ಮಳೆಗಾಲಕ್ಕೆ ಪೇಂಟ್ ಕೆಲಸ ಇಟ್ಕೊಬೇಡಿ. ಉಜ್ಜಿದ ತಗಡನ್ನ ಒಂದು ರಾತ್ರಿ ಬಿಟ್ರೂ ಬೆಳಗ್ಗೆ ಕೆಂಪು ಪುಡಿ. ಅವತ್ತು ಉಜ್ಜಿದ್ದಕ್ಕೆ ಅವತ್ತೇ ಪ್ರೈಮರ್ ಬೀಳಬೇಕು.

ಕಾನೂನನ್ನೂ ಹೇಳ್ಬಿಡ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರ ಜನವರಿಯಲ್ಲಿ ಕೇರಳದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡೀತು: ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. ಇನ್ನು 2021ರ ಜುಲೈನಲ್ಲಿ ವಿಂಟೇಜ್ ಗಾಡಿಗೆ ಬೇರೆ ನಿಯಮ ಬಂತು. ಮೊದಲ ನೋಂದಣಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅಂತ ಬರತ್ತೆ, 10 ವರ್ಷ ನಡೆಯತ್ತೆ. ಆದ್ರೆ ಆ ಗಾಡೀನ ದಿನನಿತ್ಯಕ್ಕೆ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ನಮ್ಮದು ಡೀಸೆಲ್ ಆಗಿದೆ, ತೋಟಕ್ಕೂ ಬೇಕು. ಹಾಗಾಗಿ ಆ ಆಸೆ ಬಿಟ್ವಿ.

ಕೊನೇ ಜಗಳ ಒಂದು ಹಿಡಿಕೆಗೆ. ಹಿಂದಿನ ಸೀಟಿನ ಹತ್ರ ಅಜ್ಜ ಒಂದು ನೀರಿನ ಪೈಪ್ ತುಂಡು ವೆಲ್ಡ್ ಮಾಡಿಸಿದ್ರು. ಕಂಪನಿಯದಲ್ಲ, ನೋಡೋಕೂ ಒರಟು. ಒರಿಜಿನಲ್ ಅಂದ್ಮೇಲೆ ಕಿತ್ತಾಕ್ಬೇಕು ಅಂದೆ. ಜಗಲಿ ಮೇಲೆ ಅಡಿಕೆ ಸುಲೀತಾ ಕೂತಿದ್ದ ಅಜ್ಜಿ ತಲೆ ಎತ್ತದೇ ಹೇಳಿದ್ರು: "ನಿನ್ನಪ್ಪ ಹುಟ್ಟೋ ದಿನ ನಾನು ಅದನ್ನೇ ಹಿಡ್ಕಂಡು ಹೋಗಿದ್ದು ಮಾರಾಯ."

ಹಳೇ ವಾಹನಗಳಿಗೆ ಫಿವಾ ಅಂತ ಅಂತರರಾಷ್ಟ್ರೀಯ ಒಕ್ಕೂಟ ಇದೆ. ಅದು 2013ರಲ್ಲಿ ಒಪ್ಪಿದ ಟ್ಯೂರಿನ್ ಚಾರ್ಟರ್‌ನ ಸಾರ ಹೀಗೆ: ಇದ್ದಿದ್ದನ್ನ ಉಳಿಸೋದು ಮೊದಲು, ಬದಲಿಸೋದು ಆದಷ್ಟು ಕಮ್ಮಿ, ಮಾಡಿದ್ದಕ್ಕೆಲ್ಲ ದಾಖಲೆ. ನಾನದನ್ನ ಆಮೇಲೆ ಓದಿದ್ದು. ಅಜ್ಜಿ ಮಾತು ಕೇಳಿದಾಗ್ಲೇ ಹಿಡಿಕೆ ಉಳೀತು.

ಹಾಗಾದ್ರೆ ಚಿಕ್ಕಪ್ಪನ ಕೆಲಸ ಯಾಕೆ ಕಿತ್ತೆ? ಈ ಪ್ರಶ್ನೆ ಅವರೂ ಕೇಳಿದ್ರು, ಆಮೇಲೆ ಎರಡು ತಿಂಗಳು ಮಾತಾಡ್ಲಿಲ್ಲ. ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಕೊಯ್ದ ಕಮಾನಿಂದ ನೀರು ನುಗ್ಗಿ ಬಾಡಿ ಹೋಗ್ತಿತ್ತು, ಅದು ನಿಜ. ಆದ್ರೆ ಅದು ಅವರ ಇಪ್ಪತ್ತೈದನೇ ವಯಸ್ಸು ಅನ್ನೋದೂ ನಿಜ. ಕಿತ್ತ ಗ್ರಿಲ್, ಹಾರ್ಡ್‌ಟಾಪ್ ಮಾರಿಲ್ಲ, ಅಟ್ಟದ ಮೇಲಿವೆ. ಕೊಯ್ಯೋ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟಿದ್ದೀನಿ.

ಜೀಪು ಹೊರಗೆ ತಂದ ದಿನ ಚಿಕ್ಕಪ್ಪ ಬಂದ್ರು. ಹಾರ್ಡ್‌ಟಾಪ್ ಇಲ್ದಿರೋದಕ್ಕೆ ಈಗ ಮುಂದಿನ ಗಾಜು ಮಡಚಿ ಬಾನೆಟ್ ಮೇಲೆ ಮಲಗಿಸ್ಬೋದು. ಅವರೇ ಕೊಕ್ಕೆ ಬಿಚ್ಚಿ ಮಲಗಿಸಿದ್ರು. ಸ್ವಲ್ಪ ಹೊತ್ತು ನೋಡಿ, "ಟಯರ್ ಸಣ್ಣ ಆಯ್ತು" ಅಂದ್ರು. ಆಮೇಲೆ ಕೀ ಕೇಳಿದ್ರು. ಅಜ್ಜಿ ಹಿಂದೆ ಹತ್ತಿ, ಹಿಡಿಕೆ ಹಿಡ್ಕೊಂಡು ಕೂತ್ರು. ತೋಟದವರೆಗೆ ಒಂದು ಸುತ್ತು ಹೋಗಿ ಬಂದ್ವಿ.

ನಿಮ್ಮನೆ ಕೊಟ್ಟಿಗೆ ಪಕ್ಕದಲ್ಲೂ ಇಂಥ ಗಾಡಿ ನಿಂತಿದ್ರೆ, ಮೊದಲು ಒಂದು ಆಯಸ್ಕಾಂತ ಹುಡುಕಿ. ಆಮೇಲೆ ಮನೇಲಿ ಹಿರಿಯರನ್ನ ಕೇಳಿ. ಸ್ಪ್ಯಾನರ್ ಆಮೇಲೆ.