ತೆರವಾದ ಜಾಗ: ಬೆಂಗಳೂರಿನ ರಾಕ್ ಬ್ಯಾಂಡ್‌ಗಳ ಮುಂದುವರಿಕೆಯನ್ನು ಕುರಿತು

ರಾಕ್ ಬ್ಯಾಂಡ್ ಎಂಬ ವ್ಯವಸ್ಥೆಯಲ್ಲಿ ಹಾಡು ಕಟ್ಟುವವರು ಮತ್ತು ಅದನ್ನು ನುಡಿಸುವವರು ಬಹುಮಟ್ಟಿಗೆ ಅದೇ ಮೂವರು ನಾಲ್ವರು ಆಗಿರುವುದರಿಂದ, ಅವರಲ್ಲಿ ಮುಖ್ಯರಾದ ಒಬ್ಬರು ಹೊರಟುಹೋದಾಗ ಉಂಟಾಗುವ ನಷ್ಟ ಬೇರೆ ಸಂಗೀತ ತಂಡಗಳ ನಷ್ಟಕ್ಕಿಂತ ಭಿನ್ನವಾದುದು. ಸುಗಮ ಸಂಗೀತದ ವೇದಿಕೆಗೆ ತಬಲಾ ವಾದಕರು ಬಾರದೆ ಹೋದರೆ ಇನ್ನೊಬ್ಬರನ್ನು ಕರೆಸಿ ಕಾರ್ಯಕ್ರಮ ಸಾಗಿಸಬಹುದು; ಅಲ್ಲಿ ಕವಿತೆ ಕವಿಯದು, ಧಾಟಿ ಸಂಯೋಜಕರದು, ಎರಡೂ ನುಡಿಸುವವರಿಂದ ಪ್ರತ್ಯೇಕವಾಗಿ ಉಳಿಯುತ್ತವೆ. ರಾಕ್ ಗೀತೆಯ ಬೆನ್ನೆಲುಬು ರಿಫ್, ಎಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ. ಅದು ಕಾಗದಕ್ಕೆ ಇಳಿಯುವುದು ಅಪರೂಪವಾಗಿದ್ದು, ಅದನ್ನು ಕಂಡುಕೊಂಡವರ ಬೆರಳಿನ ಅಭ್ಯಾಸಕ್ಕೇ ಅಂಟಿಕೊಂಡಿರುತ್ತದೆ. ಆದಕಾರಣ ತೆರವಾದ ಜಾಗಕ್ಕೆ ಇನ್ನೊಬ್ಬರನ್ನು ತಂದು ನಿಲ್ಲಿಸಿದಷ್ಟಕ್ಕೆ ಸಮಸ್ಯೆ ತೀರುವುದಿಲ್ಲ. ಬೆಂಗಳೂರಿನಲ್ಲಿ ಬಾಳಿಕೆ ಬಂದ ತಂಡಗಳು ಹೋದವರ ಪಡಿಯಚ್ಚನ್ನು ಹುಡುಕುವುದಕ್ಕಿಂತ ಹೆಚ್ಚಾಗಿ ಉಳಿದವರ ನಡುವೆ ಕೆಲಸವನ್ನು ಮರುಹಂಚಿಕೊಂಡವು ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

ಈ ಸಂಗೀತ ನಗರದೊಳಗೆ ಬಂದ ಹಾದಿ ದಂಡು ಪ್ರದೇಶದ್ದು. 1809ರಲ್ಲಿ ಬ್ರಿಟಿಷ್ ಸೇನೆ ಹಲಸೂರಿನ ಸುತ್ತ ನೆಲೆಯೂರಿದ ಮೇಲೆ ಸೈನಿಕ ವಾದ್ಯಮೇಳ, ಚರ್ಚಿನ ಗಾಯನ ವೃಂದ, ಕ್ಲಬ್ಬಿನ ನೃತ್ಯಗೋಷ್ಠಿಗಳ ಮೂಲಕ ಪಾಶ್ಚಾತ್ಯ ಸಂಗೀತ ಇಂದಿನ ಶಿವಾಜಿನಗರ, ಫ್ರೇಜರ್ ಟೌನ್, ಕಾಕ್ಸ್ ಟೌನ್‌ಗಳ ಮನೆಮಾತಾಯಿತು. 1949ರಲ್ಲಿ ದಂಡು ಮತ್ತು ಪೇಟೆ ಒಂದೇ ನಗರಪಾಲಿಕೆಯ ಆಡಳಿತಕ್ಕೆ ಬಂದರೂ ಗಿಟಾರಿನ ರೂಢಿ ಬಹುಕಾಲ ಪೂರ್ವಭಾಗದಲ್ಲೇ ಗಟ್ಟಿಯಾಗಿತ್ತು. ಬೆಂಗಳೂರಿನಲ್ಲಿ 1945ರಲ್ಲಿ ಹುಟ್ಟಿದ, ಕೊಡಗಿನ ಮೂಲದ ಬಿದ್ದು ಅಪ್ಪಯ್ಯ ಇಲ್ಲಿ ಕಟ್ಟಿದ ‘ಟ್ರೋಜನ್ಸ್’ ತಂಡ ಚದುರಿದಾಗ, ಅವರು ‘ಲೋನ್ ಟ್ರೋಜನ್’, ಎಂದರೆ ಒಂಟಿ ಟ್ರೋಜನ್, ಎಂಬ ಹೆಸರಿನಲ್ಲಿ ಒಬ್ಬರೇ ಹಾಡತೊಡಗಿದರು. ಮುಂದೆ ಇಂಗ್ಲೆಂಡಿಗೆ ಹೋಗಿ 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಗೀತೆಯ ನಿರ್ಮಾಪಕರಾದದ್ದು ಬೇರೆಯೇ ಕಥೆ. ಎಲ್ಲರೂ ಹೋದ ಮೇಲೂ ಹೆಸರನ್ನು ಬಿಡದೆ ಒಬ್ಬರೇ ತಂಡವಾಗಿ ಮುಂದುವರಿದ ಈ ಪ್ರಸಂಗ ನಗರದ ರಾಕ್ ಚರಿತ್ರೆಯ ಆರಂಭದಲ್ಲೇ ಇದೆ.

ವಿದೇಶಿ ತಂಡಗಳು ಅರಮನೆ ಮೈದಾನಕ್ಕೆ ಬರತೊಡಗಿದಾಗ ಬೆಂಗಳೂರಿನ ಶ್ರೋತೃಗಳು ಕಂಡದ್ದೂ ಬಹುತೇಕ ಇಂಥ ಮುಂದುವರಿದ ತಂಡಗಳನ್ನೇ ಎಂಬ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. 2001ರಲ್ಲಿ ಬಂದ ಡೀಪ್ ಪರ್ಪಲ್ ತಂಡದಲ್ಲಿ ರಿಚಿ ಬ್ಲ್ಯಾಕ್‌ಮೋರ್ ಅವರ ಜಾಗದಲ್ಲಿ ಸ್ಟೀವ್ ಮೋರ್ಸ್ ಗಿಟಾರ್ ನುಡಿಸುತ್ತಿದ್ದರು. 2003ರಲ್ಲಿ ಬಂದ ರೋಲಿಂಗ್ ಸ್ಟೋನ್ಸ್ ತಂಡ ಬ್ರಯಾನ್ ಜೋನ್ಸ್ ಅವರನ್ನು 1969ರಲ್ಲೇ ಕಳೆದುಕೊಂಡಿತ್ತು. 2011ರ ಅಕ್ಟೋಬರ್ 30ರಂದು ಭಾರತದಲ್ಲಿ ತನ್ನ ಮೊದಲ ಕಾರ್ಯಕ್ರಮ ನೀಡಿದ ಮೆಟಾಲಿಕಾದಲ್ಲಿ ಬೇಸ್ ಗಿಟಾರ್, ಎಂದರೆ ತಗ್ಗಿನ ಶ್ರುತಿಯಲ್ಲಿ ತಾಳವನ್ನೂ ಸ್ವರವನ್ನೂ ಬೆಸೆಯುವ ನಾಲ್ಕು ತಂತಿಯ ವಾದ್ಯ, 1986ರಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ತೀರಿಕೊಂಡ ಕ್ಲಿಫ್ ಬರ್ಟನ್‌ರಿಂದ ಜೇಸನ್ ನ್ಯೂಸ್ಟೆಡ್‌ಗೆ, ಅವರಿಂದ ರಾಬರ್ಟ್ ಟ್ರುಹಿಯೊಗೆ ಬಂದಿತ್ತು. ಇವೆಲ್ಲಕ್ಕಿಂತ ಹೆಚ್ಚು ಕಲಿಸುವಂಥದ್ದು 2007ರ ಮಾರ್ಚ್ 17ರಂದು ಅದೇ ಮೈದಾನದಲ್ಲಿ ಹಾಡಿದ ಐರನ್ ಮೇಡನ್ ತಂಡದ ಉದಾಹರಣೆ. 1990ರಲ್ಲಿ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಹೊರಟಾಗ ಜಾನಿಕ್ ಗೆರ್ಸ್ ಬಂದರು. 1999ರಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ಜೊತೆಗೆ ಸ್ಮಿತ್ ಮರಳಿದಾಗ ತಂಡ ಗೆರ್ಸ್ ಅವರನ್ನು ಕಳಿಸಲಿಲ್ಲ. ಎರಡು ಗಿಟಾರಿಗೆಂದು ಬರೆದ ಹಳೆಯ ಹಾಡುಗಳನ್ನು ಬೆಂಗಳೂರು ಮೂರು ಗಿಟಾರಿನಲ್ಲಿ ಕೇಳಿದ್ದಕ್ಕೆ ಕಾರಣ ಇದೇ.

ಇದಕ್ಕೆ ತಿರುಗುಮುರುಗಾದ ಉದಾಹರಣೆ 2002ರದು. ಪಿಂಕ್ ಫ್ಲಾಯ್ಡ್ ತಂಡವನ್ನು ತೊರೆದಿದ್ದ ರೋಜರ್ ವಾಟರ್ಸ್ ಆ ವರ್ಷ ತಂಡದ ಹಾಡುಗಳನ್ನು ತಮ್ಮ ಸ್ವಂತ ಹೆಸರಿನಲ್ಲಿ ಇಲ್ಲಿ ಹಾಡಿದರು. ಹೆಸರು ಉಳಿದವರ ಪಾಲಿಗೆ ಹೋಗಿತ್ತು, ಹಾಡು ಹೋದವರ ಜೊತೆಗೂ ಬಂದಿತ್ತು. ಮುಂದುವರಿಯುವುದಿಲ್ಲ ಎಂಬ ತೀರ್ಮಾನವೂ ಇದೆ: 1980ರ ಸೆಪ್ಟೆಂಬರಿನಲ್ಲಿ ಡ್ರಮ್ ವಾದಕ ಜಾನ್ ಬಾನಮ್ ತೀರಿಕೊಂಡಾಗ ಲೆಡ್ ಜೆಪ್ಪೆಲಿನ್ ಆಟ ಮುಗಿಸಿತು. ಅದೇ ವರ್ಷ ಫೆಬ್ರವರಿಯಲ್ಲಿ ಗಾಯಕನನ್ನು ಕಳೆದುಕೊಂಡ ಎಸಿ/ಡಿಸಿ ಜುಲೈ ಹೊತ್ತಿಗೆ ಹೊಸ ಗಾಯಕನೊಡನೆ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಮ್ ಹೊರತಂದಿತ್ತು.

ಕನ್ನಡದ ರಂಗಪರಂಪರೆಗೆ ಇಂಥ ಪ್ರಸಂಗ ಹೊಸದಲ್ಲ. ಸಾಲಿಗ್ರಾಮ ಯಕ್ಷಗಾನ ಮೇಳದ ಭಾಗವತ ಕಾಳಿಂಗ ನಾವಡರು 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ರಸ್ತೆ ಅಪಘಾತಕ್ಕೆ ಬಲಿಯಾದಾಗ ಬಡಗುತಿಟ್ಟಿನ ಪ್ರೇಕ್ಷಕರಿಗೆ ಆದ ಆಘಾತ ಸಣ್ಣದಲ್ಲ. ಮೇಳ ಮಾತ್ರ ನಿಲ್ಲಲಿಲ್ಲ. ಪ್ರಸಂಗದ ಪದ್ಯ, ರಾಗ, ತಾಳ, ವೇಷಗಳೆಲ್ಲ ಯಾವ ಒಬ್ಬ ಕಲಾವಿದರ ಸ್ವತ್ತೂ ಆಗಿರದೆ ಪರಂಪರೆಯ ಸ್ವತ್ತಾಗಿರುವುದರಿಂದ, ನಾವಡರ ಕಂಠ ಹೋದರೂ ಹಾಡಬೇಕಾದ ಪದ್ಯ ಇತ್ತು, ಕೂರಬೇಕಾದ ಪೀಠವಿತ್ತು. ರಾಕ್ ತಂಡಕ್ಕೆ ಇಂಥ ಪೀಠವಿಲ್ಲ. ಅದಕ್ಕಿರುವುದು ಲೈನ್‌ಅಪ್, ಎಂದರೆ ಆ ಹೊತ್ತಿಗೆ ತಂಡದಲ್ಲಿರುವ ಸದಸ್ಯರ ಪಟ್ಟಿ. ಅಭಿಮಾನಿಗಳು ಒಂದು ತಂಡದ ಚರಿತ್ರೆಯನ್ನು ಹೇಳುವುದೂ ಈ ಪಟ್ಟಿಗಳ ಲೆಕ್ಕದಲ್ಲಿಯೇ.

1996ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಈ ವಿಷಯದಲ್ಲಿ ಅತ್ಯಂತ ಫಲವತ್ತಾದ ಉದಾಹರಣೆ. ಗಾಯಕ ಮತ್ತು ಗಿಟಾರ್ ವಾದಕ ಬ್ರೂಸ್ ಲೀ ಮಣಿ, ಡ್ರಮ್ಸ್‌ನ ರಾಜೀವ್ ರಾಜಗೋಪಾಲ್, ಬೇಸ್‌ನ ರೂಡ್ ಡೇವಿಡ್ ಮತ್ತು ಇನ್ನೊಬ್ಬ ಗಿಟಾರ್ ವಾದಕ ಸುನಿಲ್ ಚಾಂಡಿ ಇದರ ಆರಂಭದ ವರ್ಷಗಳ ಸದಸ್ಯರು. ಚಾಂಡಿ ಹೊರಟ ಮೇಲೆ ತಂಡ ಹೊಸ ಗಿಟಾರಿಗರನ್ನು ಸೇರಿಸಿಕೊಳ್ಳದೆ ಮೂವರದೇ ಆಗಿ ಉಳಿಯಿತು. ಈ ನಿರ್ಧಾರದ ಸಂಗೀತಾತ್ಮಕ ಪರಿಣಾಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಎರಡು ಗಿಟಾರ್ ಇರುವ ತಂಡದಲ್ಲಿ ಒಬ್ಬರು ಸೋಲೊ, ಎಂದರೆ ಒಂಟಿಯಾಗಿ ಮನೋಧರ್ಮದಿಂದ ನುಡಿಸುವ ಭಾಗ, ಎತ್ತಿಕೊಂಡಾಗ ಇನ್ನೊಬ್ಬರು ಕಾರ್ಡ್, ಎಂದರೆ ಒಟ್ಟಿಗೆ ಮಿಡಿದ ಸ್ವರಸಮೂಹ, ಹಿಡಿದು ನೆಲ ಒದಗಿಸುತ್ತಾರೆ. ಒಂದೇ ಗಿಟಾರ್ ಉಳಿದಾಗ ಸೋಲೊ ಶುರುವಾದ ಕೂಡಲೇ ಆ ನೆಲ ಜಾರುತ್ತದೆ. ಆಗ ಬೇಸ್ ಬರೀ ಆಧಾರ ಸ್ವರ ಒತ್ತುತ್ತ ಕುಳಿತರೆ ಸಾಲದೆ ತಾನೇ ಸ್ವರಸಂಗತಿಯನ್ನು ಸೂಚಿಸಬೇಕಾಗುತ್ತದೆ, ಡ್ರಮ್ಸ್ ಖಾಲಿ ಜಾಗವನ್ನು ಅಳೆದು ತುಂಬಬೇಕಾಗುತ್ತದೆ, ಹಾಡುತ್ತಲೇ ನುಡಿಸುವವರು ಹಾಡಿನ ಸಾಲುಗಳ ನಡುವಿನ ಸಂದಿಯಲ್ಲಿ ಗಿಟಾರನ್ನು ಮಾತಾಡಿಸಬೇಕಾಗುತ್ತದೆ. ಜಾಝ್ ಮತ್ತು ಫಂಕ್ ಶೈಲಿಗಳ ಒಲವಿದ್ದ, ತನ್ನ ಸಂಗೀತವನ್ನು ‘ಬ್ಯಾಂಗಲೋರ್ ರಾಕ್’ ಎಂದೇ ಕರೆದುಕೊಂಡ ಈ ತಂಡಕ್ಕೆ ಆ ಇಕ್ಕಟ್ಟು ಒಗ್ಗಿತು. ಮೂವರ ನುಡಿಸಾಣಿಕೆಯ ಬಿಗಿ ಹೆಣಿಗೆಗೆ ಕೊರತೆಯೇ ಕಾರಣವಾಯಿತೆಂದರೆ ಅತಿಶಯವಾಗದು.

ಹಾಗಿದ್ದೂ ಹೆಣಿಗೆ ಬಿಗಿಯಾದಷ್ಟೂ ಮುಂದಿನ ಎಳೆ ಕಳಚಿದಾಗ ಕಷ್ಟ ಹೆಚ್ಚು. ರೂಡ್ ಡೇವಿಡ್ ತಂಡ ಬಿಟ್ಟ ನಂತರ ಬಂದ ಕೆ.ಎನ್. ಪ್ರಕಾಶ್ ಅವರೊಡನೆ 2012ರಲ್ಲಿ ಹೊರಬಂದ ‘ತ್ರೀ ವೀಲ್ಸ್ ನೈನ್ ಲೈವ್ಸ್’ ಮೂರು ಡಿಸ್ಕ್‌ಗಳ ಆಲ್ಬಮ್. ಆಟೊರಿಕ್ಷಾದ ಮೂರು ಗಾಲಿಯೂ ಮೂವರ ತಂಡವೂ ಆ ಶೀರ್ಷಿಕೆಯಲ್ಲಿ ಒಟ್ಟಿಗೆ ಓಡುತ್ತವೆ. ಆಮೇಲೆ ಬೇಸ್‌ಗೆ ಲೆಸ್ಲಿ ಚಾರ್ಲ್ಸ್, ಎರಡನೆಯ ಗಿಟಾರಿಗೆ ಟೋನಿ ದಾಸ್ ಬಂದುದರಿಂದ ತಂಡ ಮತ್ತೆ ನಾಲ್ವರದಾಯಿತು. 2020ರ ‘ಎ ವರ್ಲ್ಡ್ ಗಾನ್ ಮ್ಯಾಡ್’ ಆಲ್ಬಮ್ ನುಡಿಸಿದ ನಾಲ್ವರಲ್ಲಿ 2000ದ ಮೊದಲ ಆಲ್ಬಮ್‌ನಲ್ಲಿದ್ದವರು ಇಬ್ಬರೇ.

ಹೆವಿ ಮೆಟಲ್, ಎಂದರೆ ಗಿಟಾರಿನ ನಾದವನ್ನು ಉದ್ದೇಶಪೂರ್ವಕವಾಗಿ ಒರಟುಗೊಳಿಸಿ ಭಾರವಾಗಿಸಿದ ರಾಕ್ ಪ್ರಕಾರ, ಅದರಲ್ಲಿ ನಷ್ಟದ ಬಗೆ ಬೇರೆಯಾಗಿತ್ತು. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಸೇರಿ ಕಟ್ಟಿದ ‘ಕ್ರಿಪ್ಟೋಸ್’ ತಂಡದಲ್ಲಿ ಗಣೇಶ್ ಬೇಸ್ ನುಡಿಸುವುದರ ಜೊತೆಗೆ ಹಾಡುತ್ತಲೂ ಇದ್ದರು. ಅವರು ಹೊರಟಾಗ ಒಂದೇ ಏಟಿಗೆ ವಾದ್ಯವೂ ಕಂಠವೂ ಹೋದಂತಾಯಿತು. ಹೊರಗಿನಿಂದ ಗಾಯಕರನ್ನು ತರುವ ಬದಲು ಗಿಟಾರ್ ನುಡಿಸುತ್ತಿದ್ದ ನೋಲನ್ ಹಾಡುವ ಹೊಣೆಯನ್ನು ಪೂರ್ತಿಯಾಗಿ ವಹಿಸಿಕೊಂಡರು, ಹೊಸಬರಿಗೆ ಬೇಸ್ ಮಾತ್ರ ಸಿಕ್ಕಿತು. ಕೇಳುಗರ ಕಿವಿಗೆ ಅಪರಿಚಿತವಾದ ಕಂಠ ಇರಲಿಲ್ಲವಾದ್ದರಿಂದ ಈ ಬದಲಾವಣೆ ಒಡಕಿನಂತೆ ತೋರಲಿಲ್ಲ. ತಂಡ 2012ರಲ್ಲಿ ‘ದ ಕಾಯಿಲ್ಸ್ ಆಫ್ ಅಪೋಲಿಯನ್’ ಆಲ್ಬಮ್ ತಂದಿತು, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಗಣೇಶ್ ಅವರಾದರೋ ‘ಬೆವರ್ ಸೀ’ ಎಂಬ ತಂಡದ ಗಾಯಕರಾದರು. ಇಂಗ್ಲಿಷ್ ವೇಷ ತೊಟ್ಟ ಆ ಹೆಸರು ಕನ್ನಡದ ಯಾವ ಬೈಗುಳವೆಂದು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ.

ಈ ನಗರದಲ್ಲಿ ಸದಸ್ಯರ ನಷ್ಟವೆಂದರೆ ಹೆಚ್ಚಿನ ಸಲ ಸಾವಲ್ಲ. ಹಗಲು ಕಚೇರಿಯ ಕೆಲಸ ಮಾಡಿ ರಾತ್ರಿ ನುಡಿಸುವವರಿಗೆ ಬಡ್ತಿ, ವರ್ಗಾವಣೆ, ಸಂಸಾರ, ವಿದೇಶದ ವ್ಯಾಸಂಗ ಇವೇ ನಿರ್ಗಮನದ ದಾರಿಗಳು. ವೇದಿಕೆಗಳ ಅಲ್ಪಾಯುಷ್ಯವೂ ಇದಕ್ಕೆ ಪೂರಕ: ಪಬ್ಬುಗಳಲ್ಲಿ ಸಂಗೀತಕ್ಕೆ ಪೊಲೀಸ್ ಪರವಾನಗಿ ಕಡ್ಡಾಯಗೊಳಿಸಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ಅನೇಕ ಕಡೆ ವಾದ್ಯಗಳು ಮೌನವಾದವು, ಇಂದಿರಾನಗರದಲ್ಲಿ 2013ರಲ್ಲಿ ತೆರೆದು ಸ್ವಂತ ರಚನೆಯ ತಂಡಗಳಿಗೆ ಆಸರೆಯಾಗಿದ್ದ ‘ದ ಹಮಿಂಗ್ ಟ್ರೀ’ 2019ರಲ್ಲಿ ಮುಚ್ಚಿತು. ಹೋದವರು ಬದುಕಿರುತ್ತಾರೆ, ಎಷ್ಟೋ ಸಲ ಅದೇ ಊರಿನಲ್ಲಿ ಬೇರೆ ತಂಡದಲ್ಲಿ ನುಡಿಸುತ್ತಿರುತ್ತಾರೆ. ಆದ್ದರಿಂದ ಹೊಸಬರನ್ನು ಅವರೊಡನೆ ಹೋಲಿಸುವುದು ಬೆಂಗಳೂರಿನ ಕೇಳುಗರಿಗೆ ನೆನಪಿನ ಕೆಲಸವಾಗಿರದೆ ಮುಂದಿನ ವಾರದ ಕಾರ್ಯಕ್ರಮದ ವಿಷಯವಾಗಿರುತ್ತದೆ.

ಸಾವು ತಂದ ತೆರವಿಗೆ ಭಾರತದಲ್ಲಿ ಪ್ರಸಿದ್ಧವಾದ ಉದಾಹರಣೆ ದೆಹಲಿಯ ‘ಇಂಡಿಯನ್ ಓಷನ್’. 2009ರ ಡಿಸೆಂಬರ್ 25ರಂದು ತೀರಿಕೊಂಡ ಅಶೀಮ್ ಚಕ್ರವರ್ತಿ ತಬಲಾ ನುಡಿಸುತ್ತಲೇ ಹಾಡುತ್ತಿದ್ದವರು. ಅವರೊಬ್ಬರ ಜಾಗಕ್ಕೆ ಹಿಮಾಂಶು ಜೋಶಿ ಮತ್ತು ತುಹೀನ್ ಚಕ್ರವರ್ತಿ ಎಂಬ ಇಬ್ಬರು ಬಂದರು. ಮರುವರ್ಷ ಅಶೀಮರ ಕಂಠವಿದ್ದ ‘16/330 ಖಜೂರ್ ರೋಡ್’ ಆಲ್ಬಮ್‌ನ ಹಾಡುಗಳನ್ನು ತಂಡ ತಿಂಗಳಿಗೊಂದರಂತೆ ಅಂತರ್ಜಾಲದಲ್ಲಿ ಉಚಿತವಾಗಿ ಬಿಡುಗಡೆ ಮಾಡಿದಾಗ, ಕೇಳುಗರಿಗೆ ಧ್ವನಿಮುದ್ರಣದಲ್ಲಿ ಒಬ್ಬರು, ವೇದಿಕೆಯಲ್ಲಿ ಇನ್ನೊಬ್ಬರು ಎಂಬ ಸ್ಥಿತಿ ಬಂತು.

ಉಳಿದಿರುವುದು ಹೆಸರಿನ ಪ್ರಶ್ನೆ. ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಎಂಬುದು ಮೂರೂಕಾಲು ಮಲಯಾಳಿಗಳು ಎಂಬ ಒಳಜೋಕಿನಿಂದ ಬಂದದ್ದು, ಮೂಲ ಸದಸ್ಯರ ಲೆಕ್ಕ ಅದರಲ್ಲೇ ಅಡಗಿತ್ತು. ಒಬ್ಬೊಬ್ಬರು ಬದಲಾದಂತೆ ಲೆಕ್ಕ ತಪ್ಪಿತು, ಹೆಸರು ಹಾಗೇ ನಿಂತಿತು. ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಜೊತೆಗಿದ್ದ ‘ಅಂತರಾಗ್ನಿ’ ಕೊನೆಗೊಂಡ ಮೇಲೆ ರಘು ದೀಕ್ಷಿತ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ಹೊಸ ತಂಡಕ್ಕೆ ‘ದ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ತಮ್ಮ ಹೆಸರನ್ನೇ ಇಟ್ಟು, ವಾದಕರು ಬಂದುಹೋಗಲು ಬಾಗಿಲು ತೆರೆದಿಟ್ಟರು. 2008ರ ಮೊದಲ ಆಲ್ಬಮ್‌ನಿಂದೀಚೆಗೆ ಅಲ್ಲಿ ವಾದಕರು ಬದಲಾದರೂ ಶಿಶುನಾಳ ಶರೀಫರ ಪದಗಳನ್ನು ಹಾಡುವ ಕಂಠ ಒಂದೇ ಆಗಿರುವುದರಿಂದ ತಂಡ ಬದಲಾಯಿತೆಂದು ಯಾರಿಗೂ ಅನಿಸುವುದಿಲ್ಲ. ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ಸಮೂಹದ ಹೆಸರನ್ನೇ ಇಟ್ಟುಕೊಂಡಿತು, ಡ್ರಮ್ ವಾದಕ ಮಾಂಟ್ರಿ ಮ್ಯಾನ್ಯುಯೆಲ್ ಹೋಗಿ ಜೋಯಲ್ ಮಿಲನ್ ಬ್ಯಾಪ್ಟಿಸ್ಟ್ ಬಂದಾಗಲೂ ಅದು ನಡೆಯಿತು. ಒಬ್ಬರ ಹೆಸರಿನ ತಂಡಕ್ಕೆ ಆ ಒಬ್ಬರನ್ನು ಬಿಟ್ಟು ಉಳಿದವರೆಲ್ಲರ ನಿರ್ಗಮನವನ್ನು ತಾಳಿಕೊಳ್ಳುವ ಶಕ್ತಿ ಇದೆ. ಕ್ರಿಪ್ಟೋಸ್ ತನ್ನ ಗಾಯಕನನ್ನು ಕಳೆದುಕೊಂಡೂ ಕ್ರಿಪ್ಟೋಸ್ ಆಗಿಯೇ ಉಳಿದಂತೆ ಉಳಿಯುವ ಅವಕಾಶ ಮಾತ್ರ ಅದಕ್ಕಿಲ್ಲ.