ಪ್ಯೂರ್ ವೆಜ್ ಬೋರ್ಡ್ ಇದೆ, ನನಗೆ ಊಟ ಎಲ್ಲಿದೆ?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಮೊದಲೇ ಹೇಳಿಬಿಡ್ತೀನಿ, ಇದು ಊಟದ ಎಪಿಸೋಡ್. ಹಸಿವಾದ್ರೆ ನನ್ನನ್ನ ಬೈಬೇಡಿ.

ನಾನು ವೀಗನ್ ಆಗಿ ಮೂರು ವರ್ಷ ಆಯ್ತು. ಹಾಲು, ಮೊಸರು, ತುಪ್ಪ, ಜೇನು ಯಾವುದೂ ಇಲ್ಲ. ಮನೇಲಿ ತೊಂದರೆ ಇಲ್ಲ. ಅಮ್ಮ ನನ್ನ ಪಾಲಿನ ಸಾರಿಗೆ ಎಣ್ಣೆ ಒಗ್ಗರಣೆ ಹಾಕ್ತಾರೆ, ಸ್ವಲ್ಪ ಗೊಣಗ್ತಾರೆ, ಅಷ್ಟೇ. ಕಷ್ಟ ಶುರುವಾಗೋದು ಬ್ಯಾಗ್ ಹೆಗಲಿಗೇರಿಸಿದ ಮೇಲೆ.

ಹೋಟೆಲಲ್ಲಿ "ಇದು ವೀಗನ್ನಾ?" ಅಂತ ಕೇಳಿದ್ರೆ "ಹೌದು ಸರ್, ಪ್ಯೂರ್ ವೆಜ್" ಅಂತಾರೆ. ಅವರದ್ದೂ ತಪ್ಪಲ್ಲ. ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆಯ ಲೆಕ್ಕದಲ್ಲೂ ಹಾಲು ಸಸ್ಯಾಹಾರವೇ. ವೀಗನ್ ಆಹಾರಕ್ಕೆ ಅಂತ ಎಫ್‌ಎಸ್‌ಎಸ್‌ಎಐ ಬೇರೆ ನಿಯಮ ತಂದಿದ್ದು 2022ರಲ್ಲಿ. ಆದರೆ ಆ ಲೋಗೋ ಪ್ಯಾಕೆಟ್ ಮೇಲೆ ಸಿಗಬಹುದು, ಬಾಳೆಎಲೆ ಮೇಲೆ ಸಿಗಲ್ಲ. ಹಾಗಾಗಿ ಆ ಪದವನ್ನೇ ಬಿಟ್ಟಿದ್ದೀನಿ. "ತುಪ್ಪ ಹಾಕಿದೀರಾ? ಹಿಟ್ಟಿಗೆ ಮೊಸರು? ಪಲ್ಯಕ್ಕೆ ಬೆಣ್ಣೆ?" ಅಂತ ಒಂದೊಂದೇ ಕೇಳ್ತೀನಿ. ಸಪ್ಲೈಯರ್‌ಗೆ ತಲೆ ಕೆಡುತ್ತೆ. ಕೆಲವರು ಪಾಪ ಅಂತ "ಅಲರ್ಜಿನಾ ಸರ್?" ಅಂತಾರೆ. ಒಂದೆರಡು ಸಲ ಹೌದು ಅಂದುಬಿಟ್ಟಿದ್ದೀನಿ. ಸುಳ್ಳೇ, ಏನ್ಮಾಡೋದು.

ಮಂಗಳೂರಲ್ಲಿ ನೀರುದೋಸೆ ನನ್ನನ್ನ ಕಾಪಾಡಿದೆ, ಹುಬ್ಬಳ್ಳಿಯಲ್ಲಿ ಗಿರ್ಮಿಟ್ ಮತ್ತು ಮಿರ್ಚಿ ಭಜಿ. ದಾವಣಗೆರೆ ಬಗ್ಗೆ ಕೇಳಬೇಡಿ, ಅಲ್ಲಿ ದೋಸೆಯ ಹೆಸರಲ್ಲೇ ಬೆಣ್ಣೆ ಇದೆ.

ಇವತ್ತು ಹೇಳಬೇಕು ಅಂದ್ಕೊಂಡಿದ್ದು ಬಾದಾಮಿ ಕಥೆ. ಗುಹೆಗಳನ್ನೆಲ್ಲ ನೋಡಿ ಮಧ್ಯಾಹ್ನ ಬನಶಂಕರಿಗೆ ಹೋದೆ. ಅಲ್ಲಿ ಗುಡಿ ಹತ್ತಿರ ಹೆಣ್ಣುಮಕ್ಕಳು ಬುಟ್ಟಿ ಇಟ್ಕೊಂಡು ರೊಟ್ಟಿ ಊಟ ಮಾರ್ತಾರೆ. ಜೋಳದ ಹಿಟ್ಟು, ಬಿಸಿನೀರು ಸೇರಿಸಿ ತಟ್ಟಿದ ರೊಟ್ಟಿ. ಜೊತೆಗೆ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ. ಕೇಳೋ ಅಗತ್ಯವೇ ಇಲ್ಲ, ಎಲ್ಲಾ ನನ್ನದೇ! ಖುಷಿಯಿಂದ ಕೂತೆ. ಆಗ ಆಯಮ್ಮ ಪುಟ್ಟ ಮಣ್ಣಿನ ಗಡಿಗೆ ತೆಗೆದು ಗಟ್ಟಿ ಮೊಸರು ಬಡಿಸೋಕೆ ಬಂದ್ರು.

"ಮೊಸರು ಬೇಡಮ್ಮ."

"ಯಾಕ್ ತಮ್ಮಾ, ನೆಗಡಿ ಆಗೇತೇನು?"

"ಇಲ್ಲಮ್ಮ, ನಾನು ಹಾಲಿನದ್ದು ಏನೂ ತಿನ್ನಲ್ಲ."

"ನಮ್ಮನಿ ಎಮ್ಮೀದ ಐತಿ, ನೀರ ಹಾಕಿಲ್ಲ," ಅಂದ್ರು. ಅವರ ಮೊಸರಿನ ಮೇಲೆ ನನಗೆ ಅನುಮಾನ ಅಂತ ಅವರಿಗೆ ಅನ್ಸಿತ್ತು. ಮುಖ ಸಣ್ಣಗಾಯ್ತು.

ನನ್ನ ಹತ್ರ ಇದಕ್ಕೊಂದು ರೆಡಿ ಭಾಷಣ ಇದೆ. ಡೈರಿ ಉದ್ಯಮ, ತಾಯಿಯಿಂದ ಬೇರೆ ಮಾಡೋ ಕರು, ಎಲ್ಲಾ. ಬೆಂಗಳೂರಲ್ಲಿ ಫ್ರೆಂಡ್ಸ್ ಮುಂದೆ ನಿಲ್ಲಿಸದೆ ಹತ್ತು ನಿಮಿಷ ಮಾತಾಡ್ತೀನಿ. ಅಲ್ಲಿ ಬಾಯಿಂದ ಒಂದು ಪದ ಬರಲಿಲ್ಲ. ಅವರ ಮನೇಲಿರೋದು ಎರಡೇ ಎಮ್ಮೆಯಂತೆ.

ಬಿಕಾಂ ಓದಿದ ಬುದ್ಧಿ ನೋಡಿ, ಮಾತು ಬದಲಿಸೋಕೆ ವ್ಯಾಪಾರ ಹೇಗೆ ಅಂತ ಕೇಳಿದೆ. "ರೊಟ್ಟಿ ಮ್ಯಾಲ ಏನ್ ಉಳಿತೈತಿ? ಹಿಟ್ಟು, ಕಟ್ಟಿಗಿ, ಗಾಡಿ ರೊಕ್ಕ. ಮಸರಿನ ಮ್ಯಾಲನ ನಾಕ್ ದುಡ್ಡು," ಅಂದ್ರು. ಅಂದ್ರೆ ನಾನು ಬೇಡ ಅಂದಿದ್ದು ಅವರ ಮಾರ್ಜಿನ್ನನ್ನೇ. ಎಮ್ಮೆಗೆ ಒಳ್ಳೇದಾಗ್ಲಿ ಅಂತ ಬಿಟ್ಟವನು, ಎಮ್ಮೆ ಸಾಕಿದವರ ಲೆಕ್ಕವನ್ನ ಯಾವತ್ತೂ ಹಾಕಿರ್ಲಿಲ್ಲ.

ಏಳುವಾಗ ಮೊಸರಿನ ದುಡ್ಡೂ ಸೇರಿಸಿ ಕೊಟ್ಟೆ. ಅವರು ಅಷ್ಟನ್ನೇ ಎಣಿಸಿ ವಾಪಸ್ ಇಟ್ರು. "ತಿನ್ನಲಾರದ್ದಕ್ಕ ರೊಕ್ಕ ಯಾಕೋ?" ಸ್ವಲ್ಪ ಗದರಿದ ಹಾಗೇ ಇತ್ತು. ಸರಿ, ಹಾಗಾದ್ರೆ ಇನ್ನೆರಡು ರೊಟ್ಟಿ ಕಟ್ಟಿಕೊಡಿ ಅಂದೆ. ಎರಡರ ದುಡ್ಡು ತಗೊಂಡು ಮೂರು ಕಟ್ಟಿದ್ರು. ಪೇಪರಲ್ಲಿ ಒಂದು ಹಿಡಿ ಶೇಂಗಾ ಚಟ್ನಿ ಬೇರೆ.

ನಾನೇನೂ ಮತ್ತೆ ಮೊಸರು ಶುರು ಮಾಡಿಲ್ಲ, ಕಾಮೆಂಟಲ್ಲಿ ಕೇಳಬೇಡಿ. ಆದರೆ ಆ ಹತ್ತು ನಿಮಿಷದ ಭಾಷಣ ಅವತ್ತಿನಿಂದ ಪೂರ್ತಿ ಹೇಳೋಕಾಗಿಲ್ಲ.

ರಾತ್ರಿ ರೈಲಲ್ಲಿ ಎಲ್ಲರ ತಟ್ಟೆಯಲ್ಲೂ ಪನ್ನೀರ್ ಇತ್ತು. ನಾನು ಒಣಗಿದ ರೊಟ್ಟಿ ಮುರಿದು ಚಟ್ನಿ ಹಚ್ಕೊಂಡು ತಿಂದೆ. ಎದುರು ಸೀಟಿನ ಅಂಕಲ್ ಒಂದು ಚೂರು ಕೇಳಿ ಇಸ್ಕೊಂಡ್ರು.

ಮುಂದಿನ ತಿಂಗಳು ಕಲಬುರಗಿ ಕಡೆ ಹೊರಟಿದ್ದೀನಿ. ಹಾಲು, ತುಪ್ಪ ಇಲ್ಲದ ತಿಂಡಿ ಅಲ್ಲಿ ಏನೇನಿದೆ, ಆ ಕಡೆಯವರು ವಾಯ್ಸ್ ಮೆಸೇಜ್ ಕಳಿಸಿ. ಸಿಗೋಣ.