‘ಕರಪ್ಷನ್’: ಒಂದು ಪದ, ಮೂರು ಚಿತ್ರಗಳು



1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅಂದಿನಿಂದ ದೊಡ್ಡಗಾಜನೂರು ಮುಂತಾದ ಊರುಗಳ ಕನ್ನಡ ಮಾಧ್ಯಮದ ಮಗು ಮೂರು ಭಾಷೆಗಳ ನಡುವೆ ಬೆಳೆಯುತ್ತಿದೆ. ಮನೆಯ ಮಾತು ಕನ್ನಡ, ಕಚೇರಿಯ ಫಲಕ ತಮಿಳು, ಪಠ್ಯದಲ್ಲಿ ಇಂಗ್ಲಿಷ್. ಇದನ್ನು ಹೊರೆಯೆಂದು ಎಣಿಸುವುದು ವಾಡಿಕೆ. ಆದರೆ ಒಂದೇ ಅರ್ಥದ ಪದವನ್ನು ಮೂರು ಭಾಷೆಗಳಲ್ಲಿಯೂ ಬಿಡಿಸಿ ನೋಡಿದರೆ ಅದು ಸಂಪತ್ತೂ ಹೌದೆಂಬುದು ತಿಳಿಯುತ್ತದೆ. ‘ಕರಪ್ಷನ್’ ಅಂತಹ ಒಂದು ಪದ.

ಇದರ ಮೂಲ ಲ್ಯಾಟಿನ್. ಆ ಭಾಷೆಯಲ್ಲಿ ‘ರುಂಪೆರೆ’ ಎಂದರೆ ಮುರಿಯುವುದು, ಒಡೆಯುವುದು. ‘ಒಟ್ಟಾಗಿ’, ‘ಪೂರ್ತಿಯಾಗಿ’ ಎಂಬ ಅರ್ಥವುಳ್ಳ ಉಪಸರ್ಗವು ಅದಕ್ಕೆ ಸೇರಿ ‘ಕೊರ್ರುಂಪೆರೆ’ ಆಯಿತು. ಫ್ರೆಂಚಿನ ಮೂಲಕ 14ನೆಯ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಿತು. ಮಾತನ್ನು ನಡುವೆ ತಡೆಯುವ ‘ಇಂಟರಪ್ಟ್’, ಜ್ವಾಲಾಮುಖಿ ಸಿಡಿಯುವ ‘ಎರಪ್ಷನ್’ ಇದರ ಒಡಹುಟ್ಟುಗಳು. ಕೊಳೆತ ದೇಹಕ್ಕೂ ಕೆಟ್ಟ ನಡತೆಗೂ ಹಿಂದಿನವರು ಇದೊಂದೇ ಪದವನ್ನು ಬಳಸಿದರು. ತೆರೆಯದ ಕಂಪ್ಯೂಟರ್ ಫೈಲಿಗೆ ಇಂದು ಅದೇ ಮಾತನ್ನು ಹೇಳುತ್ತೇವೆ.

ಕನ್ನಡದ ‘ಭ್ರಷ್ಟಾಚಾರ’ ತೋರಿಸುವ ಚಿತ್ರ ಬೇರೆ. ಸಂಸ್ಕೃತದ ‘ಭ್ರಂಶ್’ ಧಾತುವಿಗೆ ಜಾರಿ ಬೀಳುವುದೆಂದು ಅರ್ಥ. ಭ್ರಷ್ಟನೆಂದರೆ ತನ್ನ ನೆಲೆಯಿಂದ ಬಿದ್ದವನು. ತಮಿಳಿನ ‘ಊೞಲ್’ ಪದದಲ್ಲಿರುವ ಅಕ್ಷರ ಹಳಗನ್ನಡವನ್ನು ಓದಿದವರಿಗೆ ಪರಿಚಿತವೇ. ಅದರ ಹಳೆಯ ಅರ್ಥ ಕೊಳೆತದ್ದು. ಹೀಗೆ ಒಂದು ಒಡೆಯುತ್ತದೆ, ಇನ್ನೊಂದು ಬೀಳುತ್ತದೆ, ಮತ್ತೊಂದು ಕೊಳೆಯುತ್ತದೆ. ‘ಕೆಡು’ ಎಂಬ ಧಾತುವಂತೂ ಕನ್ನಡ ತಮಿಳುಗಳೆರಡಕ್ಕೂ ಸೇರಿದ್ದು: ಹಾಲೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ‘ಲಂಚ’ವೂ ಎರಡರಲ್ಲಿಯೂ ಇದೆ. ಲಂಚಕ್ಕೆ ಕೈಯೊಡ್ಡೆನೆಂದು 12ನೆಯ ಶತಮಾನದ ಶರಣೆ ಸತ್ಯಕ್ಕ ತನ್ನ ವಚನದಲ್ಲಿ ಆಣೆಯಿಟ್ಟಿದ್ದಾಳೆ.

ಮೂರು ಚಿತ್ರಗಳಿಗೂ ಸಮಾನವಾದ ಅಂಶವೊಂದಿದೆ. ಇಡಿಯಾದದ್ದು ಮಾತ್ರ ಒಡೆಯಬಲ್ಲದು. ಎತ್ತರದಲ್ಲಿದ್ದದ್ದು ಮಾತ್ರ ಬೀಳಬಲ್ಲದು. ಚೆನ್ನಾಗಿದ್ದದ್ದು ಮಾತ್ರ ಕೊಳೆಯಬಲ್ಲದು. ಒಳಿತು ಮೊದಲು, ಕೇಡು ಆಮೇಲೆ ಎಂಬುದನ್ನು ಪದಗಳೇ ಹೇಳುತ್ತವೆ.

ಆದರೆ ಇಲ್ಲಿ ಎಚ್ಚರವೂ ಬೇಕು. ನೀತಿಗೆ ಸಲ್ಲುವ ಈ ಪದಗಳು ಹಿಂದಿನಿಂದಲೂ ಭಾಷೆಯ ಮೇಲೂ ಬಿದ್ದಿವೆ. ಮೂಲದಿಂದ ಬದಲಾದ ಪದವನ್ನು ಇಂಗ್ಲಿಷ್ ನಿಘಂಟುಕಾರರು ‘ಕರಪ್ಷನ್’ ಎಂದು ಕರೆದರು. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳನ್ನು ವಿವರಿಸುವ ಭಾಗದ ಹೆಸರು ‘ಅಪಭ್ರಂಶ ಪ್ರಕರಣ’. ಅಲ್ಲಿಯೂ ಅದೇ ‘ಭ್ರಂಶ್’. ಆದರೂ ‘ಸಂಧ್ಯಾ’ ಎಂಬುದು ‘ಸಂಜೆ’ಯಾದುದರಿಂದ ಕನ್ನಡ ಕೆಡಲಿಲ್ಲ, ಬೆಳೆಯಿತು.

ತಾಳವಾಡಿ ಸೀಮೆಯ ಮಗು ಪರೀಕ್ಷೆಗೆ ‘ತೇರ್ವು’ ಎಂದರೆ ‘ನಿನ್ನ ಭಾಷೆ ಕೆಟ್ಟಿದೆ’ ಎಂಬ ಮಾತು ಸುಲಭವಾಗಿ ಹೊರಡುತ್ತದೆ. ಆ ಮಾತನ್ನು ಕೇಳಿದ ಮಗು ಮರುದಿನ ಬಾಯಿ ತೆರೆಯದೆ ಇರಬಹುದು. ಗಾಜನೂರಿನವರಾದ ಡಾ. ರಾಜ್‌ಕುಮಾರ್ ಅವರಿಗೆ ದೊರೆತ ಶಾಲಾ ವಿದ್ಯಾಭ್ಯಾಸ ಅತ್ಯಲ್ಪ. ಅವರ ಉಚ್ಚಾರಣೆಯನ್ನೇ ನಾಡು ಮಾದರಿಯೆಂದು ಕೇಳಿತು. ಗಡಿಯ ನಾಲಗೆ ಕೆಟ್ಟ ನಾಲಗೆಯಲ್ಲ. ‘ತೇರ್ವು’ ಎಂದ ಮಗುವಿಗೆ ‘ಪರೀಕ್ಷೆ’ ಎಂಬ ಪದವನ್ನು ಅದರ ಪಕ್ಕದಲ್ಲಿಯೇ ಬರೆದು ಕೊಟ್ಟರೆ ಸಾಕು. ಅದಕ್ಕೆ ಎರಡು ಪದಗಳಾಗುತ್ತವೆ.

‘ಕರಪ್ಷನ್’ ಎಂಬುದನ್ನು ನಡತೆಗೆ ಮೀಸಲಿಡುವುದು ಒಳ್ಳೆಯದು. ಬಾರದ ಮಗುವಿಗೆ ಹಾಜರಿ ಹಾಕಿದಾಗ, ಪರಿಚಯಕ್ಕಾಗಿ ಅಂಕ ಏರಿಸಿದಾಗ, ಅಲ್ಲಿ ನಂಬಿಕೆಯೊಂದು ಒಡೆಯುತ್ತದೆ. ‘ತೇರ್ವು’ ಎಂದ ಮಗು ಏನನ್ನೂ ಒಡೆದಿಲ್ಲ.